ಲಿಲಿಪಾಂಡ್ ಕೈಪಿಡಿಯನ್ನು ಬೇರೆ ಬೇರೆ ಪುಸ್ತಕಗಳಾಗಿ ಒಡೆದಿದ್ದು ಯಾಕೆ?

ಓದುವವರು ಎರಡು ಥರ ಇರುತ್ತಾರೆ, ಅದಕ್ಕೆ. ಲಿಲಿಪಾಂಡ್ ಪಾಶ್ಚಾತ್ಯ ಸ್ವರಲಿಪಿಯನ್ನು ಅಚ್ಚುಕಟ್ಟಾಗಿ ಮೂಡಿಸುವ ಉಚಿತ ತಂತ್ರಾಂಶ. ಸಂಗೀತವನ್ನೆಲ್ಲ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹಾಗಾಗಿ ಕೈಪಿಡಿ ಇಲ್ಲದೆ ಕೆಲಸ ಸಾಗುವುದಿಲ್ಲ.

ಮೊದಲು ಪಾಠವೂ ಆಜ್ಞೆಗಳ ವಿವರವೂ ಒಂದೇ ಪುಸ್ತಕದಲ್ಲಿದ್ದವು. 2008ರ ಕೊನೆಗೆ ಬಂದ 2.12ನೇ ಆವೃತ್ತಿಯ ಹೊತ್ತಿಗೆ ಸ್ವಯಂಸೇವಕರು ಇವನ್ನು ಬೇರೆ ಮಾಡಿದರು. ಹೊಸಬರು ಮೊದಲ ಪುಟದಿಂದ ಓದುತ್ತಾರೆ. ಗೊತ್ತಿದ್ದವರು ಬೇಕಾದ್ದನ್ನಷ್ಟೇ ಹುಡುಕುತ್ತಾರೆ. ಒಂದೇ ಪುಟ ಇಬ್ಬರಿಗೂ ಹೊಂದುವುದಿಲ್ಲ, ಅಲ್ವಾ?

ವಿವರದ ಪುಸ್ತಕದಲ್ಲಿ ಮೊದಲು ಎಲ್ಲರಿಗೂ ಬೇಕಾದ ಸ್ವರ, ಲಯ, ಪುನರಾವರ್ತನೆ ಬರುತ್ತವೆ. ಹಾಡುಗಾರಿಕೆ, ಪಿಯಾನೊ, ಗಿಟಾರ್ ಆಮೇಲೆ. ಜೋಡಣೆ ಚೆನ್ನಾಗಿದೆ, ಆದರೆ ಒಂದು ತೊಡಕಿದೆ. ಟೈ ಮತ್ತು ಸ್ಲರ್ ಎರಡೂ ನೋಡಲು ಬಿಲ್ಲಿನಂಥ ಗೆರೆಗಳೇ. ಟೈ ಒಂದೇ ಸ್ವರದ ಅವಧಿಯನ್ನು ಉದ್ದ ಮಾಡುತ್ತದೆ, ಅದಕ್ಕೆ ಲಯದ ಭಾಗದಲ್ಲಿದೆ. ಸ್ಲರ್ ಬೇರೆ ಬೇರೆ ಸ್ವರಗಳನ್ನು ಬೆಸೆದು ನುಡಿಸಲು ಹೇಳುತ್ತದೆ, ಅದಕ್ಕೆ ಭಾವಸೂಚಕ ಚಿಹ್ನೆಗಳ ಜೊತೆಗಿದೆ. ಅರ್ಥದ ಪ್ರಕಾರ ಇದು ಸರಿ. ಗೆರೆಯ ಆಕಾರ ಮಾತ್ರ ಗೊತ್ತಿರುವ ಹೊಸಬರು ಸುಮ್ನೆ ಅಲೆದಾಡಬೇಕಾಗುತ್ತದೆ. ಇಂಥ ಕಡೆ ‘ಇದನ್ನೂ ನೋಡಿ’ ಎಂಬ ಕೊಂಡಿಗಳೇ ಕೈ ಹಿಡಿಯುತ್ತವೆ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಎಷ್ಟೋ ವಿಷಯಗಳ ಕೊನೆಯಲ್ಲಿ ಆ ಆಜ್ಞೆಯ ಗೊತ್ತಿರುವ ದೋಷಗಳನ್ನೂ ಅವರೇ ಬರೆದಿಟ್ಟಿದ್ದಾರೆ.