ಕಥೆ ಹೊಳೆದಾಗಿನಿಂದ ಮುಗಿಯುವವರೆಗೆ ಏನೇನು ಮಾಡಬೇಕು?

ಹೊಳೆದದ್ದು ಇನ್ನೂ ಕಥೆಯಲ್ಲ, ಬರೀ ಬೀಜ. ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯೊಬ್ಬರ ಹೆಬ್ಬೆಟ್ಟನ್ನು ಮಷೀನು ಗುರುತಿಸಲಿಲ್ಲ ಅಂದುಕೊಳ್ಳಿ. ಅದು ಘಟನೆ. ಅಕ್ಕಿ ಇವತ್ತೇ ಯಾಕೆ ಬೇಕು? ಸಿಗದಿದ್ದರೆ ಯಾರ ಮನೆ ಬಾಗಿಲಿಗೆ ಹೋಗಬೇಕು? ಹೋಗಲು ಮನಸ್ಸೇ ಇಲ್ಲದ ಮನೆ ಅದಾಗಿದ್ದರೆ? ಅಲ್ಲಿಂದ ಕಥೆ ಶುರು. ಈ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿ.

ಕೊನೆ ಎಲ್ಲಿ ಅಂತ ಅಂದಾಜು ಸಿಕ್ಕರೆ ಸಾಕು, ಮೊದಲ ಕರಡನ್ನು ತಿದ್ದುತ್ತಾ ಕೂರದೆ ಬರೆದುಬಿಡಿ.

ನಿಜವಾದ ಕೆಲಸ ಆಮೇಲೆ. ಎರಡು ವಾರ ಎತ್ತಿಟ್ಟು, ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ತಿದ್ದಿ. ಮಂಡ್ಯದ ಅಜ್ಜಿ ಪುಸ್ತಕದ ಭಾಷೆ ಆಡಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಮೊದಲ ಪ್ಯಾರಾ ತೆಗೆದು ನೋಡಿ. ಎಷ್ಟೋ ಸಲ ಕಥೆ ಎರಡನೆಯದರಿಂದಲೇ ಶುರುವಾಗಿರುತ್ತದೆ. 'ಅವಳಿಗೆ ತುಂಬಾ ದುಃಖವಾಯಿತು' ಅನ್ನುವ ಸಾಲು ಹೊಡೆದುಹಾಕಿ, ಖಾಲಿ ಚೀಲ ಮಡಚುವ ಕೈ ತೋರಿಸಿ. ನನಗಂತೂ ಈ ಹಂತವೇ ಜಾಸ್ತಿ ಇಷ್ಟ.

ಮುಗಿದ ಮೇಲೆ, ಸುಮ್ನೆ ಹೊಗಳದ ಒಬ್ಬರಿಗೆ ಓದಲು ಕೊಡಿ. ಎಲ್ಲಿ ಬೇಜಾರಾಯಿತು ಅಂತ ಮಾತ್ರ ಕೇಳಿ. 'ಮಯೂರ', 'ತುಷಾರ'ದಂಥ ಮಾಸಿಕಕ್ಕೆ ಕಳಿಸುವುದಾದರೆ ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ.