ಸ್ಕಾಟ್ಲೆಂಡಿನ ಹೊಸ ನಾನ್‌ಫಿಕ್ಷನ್ ಹುಡುಕೋದು ಹೀಗೆ

ಲಂಡನ್ ಪತ್ರಿಕೆಗಳ ಪಟ್ಟಿಯಲ್ಲಿ ಸ್ಕಾಟ್ಲೆಂಡಿನ ಹೊಸ ನಾನ್‌ಫಿಕ್ಷನ್ ಕಣ್ಣಿಗೇ ಬೀಳಲ್ಲ, ಎಲ್ಲಿ ಹುಡುಕಲಿ ಅಂತ ಕೇಳಿದ್ದೀರಿ. ನಾನಂತೂ ಲೇಖಕರನ್ನು ಬಿಟ್ಟು ಪ್ರಕಾಶಕರ ಬೆನ್ನು ಹತ್ತುತ್ತೇನೆ. ಚರಿತ್ರೆ, ದ್ವೀಪಗಳ ಬದುಕು ಬೇಕಿದ್ದರೆ ಎಡಿನ್‌ಬರೋದ ಬಿರ್ಲಿನ್ ನೋಡಿ (ಜರ್ಮನಿಯ ಬರ್ಲಿನ್ ಅಲ್ಲ ಮಾರಾಯ್ರೆ, ಅದು ಸ್ಕಾಟ್ಲೆಂಡಿನ ಹಳೇ ಕಾಲದ ಹಡಗಿನ ಹೆಸರು). ನಿಸರ್ಗ, ಆತ್ಮಕಥನಕ್ಕೆ ಅದೇ ಊರಿನ ಕ್ಯಾನನ್‌ಗೇಟ್. ನ್ಯಾನ್ ಶೆಪರ್ಡ್ 1940ರ ದಶಕದಲ್ಲಿ ಕೇರ್ನ್‌ಗಾರ್ಮ್ ಬೆಟ್ಟಗಳ ಬಗ್ಗೆ ಬರೆದು ಮೂಲೆಗಿಟ್ಟ ‘ದಿ ಲಿವಿಂಗ್ ಮೌಂಟನ್’ ಅಚ್ಚಾಗಿದ್ದು 1977ರಲ್ಲಿ. ಆಮೇಲೆ ಅದನ್ನು ಹೊಸ ಓದುಗರಿಗೆ ತಲುಪಿಸಿದವರು ಈ ಕ್ಯಾನನ್‌ಗೇಟ್‌ನವರೇ. ಆಮಿ ಲಿಪ್‌ಟ್ರಾಟ್ ಆರ್ಕ್ನಿ ದ್ವೀಪಗಳಿಗೆ ಮರಳಿದ ಕಥೆ, ‘ದಿ ಔಟ್‌ರನ್’ ಕೂಡ ಇವರದ್ದೇ.

ಇನ್ನೊಂದು, ಸಾಲ್ಟೈರ್ ಸೊಸೈಟಿ ಅನ್ನೋ ಸ್ಕಾಟ್ಲೆಂಡಿನ ಸಾಂಸ್ಕೃತಿಕ ಸಂಸ್ಥೆ ಕೊಡೋ ಪುಸ್ತಕ ಪ್ರಶಸ್ತಿಗಳಲ್ಲಿ ನಾನ್‌ಫಿಕ್ಷನ್ ವಿಭಾಗದ ಕಿರುಪಟ್ಟಿ ನೋಡಿ. ಗೆದ್ದ ಪುಸ್ತಕಕ್ಕಿಂತ ಸೋತವುಗಳಲ್ಲೇ ನನಗೆ ಹೆಚ್ಚು ಸಿಕ್ಕಿದೆ.