‘ಬೇಡ ಬಾ’ ಅಂತ ಯಾರಾದರೂ ಹೇಳುತ್ತಾರಾ?

ಪ್ರಶ್ನೆ: ನಾನು ಕಾರವಾರದ ಬೈತಖೋಲದವನು. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸ, ಸದ್ಯ ರಜೆಗೆ ಊರಿಗೆ ಬಂದಿದ್ದೇನೆ. ಜೊತೆಯವರಲ್ಲಿ ಕೊಲಂಬಿಯಾ, ಪೆರು ಕಡೆಯವರೇ ಜಾಸ್ತಿ, ಹಾಗಾಗಿ ಸ್ಪ್ಯಾನಿಷ್ ಬೇಕೇ ಬೇಕು. ‘ಬೆನ್’ ಅಂದರೆ ಬಾ, ‘ನೊ’ ಅಂದರೆ ಬೇಡ ಅಂತ ಗೊತ್ತಿತ್ತು. ಒಮ್ಮೆ ನೆಲ ಒದ್ದೆಯಿದ್ದಾಗ ಒಬ್ಬನಿಗೆ ‘ನೊ ಬೆನ್’ ಎಂದು ಕೂಗಿದೆ. ಅವನು ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಏನು ತಪ್ಪಾಯಿತು?

ಉತ್ತರ: ನಗದೆ ಏನು ಮಾಡುತ್ತಾನೆ! ನೀವು ಕೂಗಿದ್ದು ‘ಅವರಿಗೆ ಕಾಣೋದಿಲ್ಲ’ ಅಂತ. ನೋಡುವುದಕ್ಕೆ ಇರುವ ಕ್ರಿಯಾಪದದಲ್ಲೂ ‘ಬೆನ್’ ಅನ್ನುವ ರೂಪವೊಂದಿದೆ, ‘ಅವರು ನೋಡುತ್ತಾರೆ’ ಎಂದರ್ಥ. ಬರಬೇಡ ಅನ್ನೋದಕ್ಕೆ ‘ನೊ ಬೆಂಗಾಸ್’ ಅನ್ನಬೇಕು. (ಬರೆಯುವಾಗ ‘ವಿ’ ಅಕ್ಷರ, ಬಾಯಲ್ಲಿ ‘ಬ’. ಹಡಗಿನಲ್ಲಿ ದಿನಾ ಕೇಳುವ ನಿಮಗೆ ಇದನ್ನು ಹೇಳಬೇಕಿಲ್ಲ, ಉಳಿದ ಓದುಗರಿಗಾಗಿ ಹೇಳಿದೆ.)

ಈ ತಪ್ಪು ಬಂದಿದ್ದು ಇಂಗ್ಲಿಷಿನಿಂದ ಅಂತ ನನ್ನ ಅನುಮಾನ. ಅಲ್ಲಿ ‘ಕಮ್’ಗೆ ‘ಡೋಂಟ್’ ಸೇರಿಸಿದರೆ ಮುಗಿಯಿತು, ‘ಕಮ್’ ಹಾಗೇ ಇರುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಬೇಡ ಬಾ’ ಅಂತ ಯಾರೂ ಹೇಳೋದಿಲ್ಲ, ಅಲ್ವಾ? ಬಾ ಹೋಗಿ ‘ಬರಬೇಡ’ ಆಗುತ್ತದೆ, ತಾ ಹೋಗಿ ‘ತರಬೇಡ’ ಆಗುತ್ತದೆ. ಬೇಡ ಅಂದ ಕೂಡಲೇ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಸ್ಪ್ಯಾನಿಷ್ ಕೂಡ ಹೀಗೇ. ನಾನೂ ಇಂಗ್ಲಿಷ್ ಪುಸ್ತಕ ಹಿಡಿದು ಕಲಿತವನು, ಇದೊಂದು ವಿಷಯಕ್ಕೆ ಸುಮ್ನೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕನ್ನಡದಿಂದ ನೇರವಾಗಿ ಹೋಗಿದ್ದರೆ ಒಂದು ಸಂಜೆ ಸಾಕಿತ್ತು.

ಹೇಗೆ ಅಂತೀರಾ? ನಮ್ಮ ‘ಬರಲಿ’ ಅನ್ನುವ ರೂಪ ನೆನಪಿಟ್ಟುಕೊಳ್ಳಿ. ಸ್ಪ್ಯಾನಿಷಿನಲ್ಲಿ ಅದು ‘ಬೆಂಗಾ’. ‘ಅವನು ಬರಲಿ’ ಅನ್ನೋದಕ್ಕೆ ‘ಕೆ ಬೆಂಗಾ’. ಹಿರಿಯರಿಗೆ ‘ಬನ್ನಿ’ ಅನ್ನೋದಕ್ಕೂ ಅದೇ ‘ಬೆಂಗಾ’. ಯಾಕೆಂದರೆ ಗೌರವದ ‘ನೀವು’, ಅಂದರೆ ‘ಉಸ್ತೆದ್’, ಹುಟ್ಟಿದ್ದೇ ‘ತಮ್ಮ ಕೃಪೆ’ ಅನ್ನುವ ಅರ್ಥದ ‘ಬುಎಸ್ತ್ರಾ ಮೆರ್ಸೆದ್’ ಎಂಬ ಹಳೆಯ ಮಾತಿನಿಂದ. ಎದುರಿಗೆ ನಿಂತವರ ಜೊತೆಯೇ ಮಾತಾಡುತ್ತಿದ್ದರೂ ವ್ಯಾಕರಣ ಮಾತ್ರ ‘ಅವರ’ ಬಗ್ಗೆ ಹೇಳಿದ ಹಾಗೆ. ಯಕ್ಷಗಾನದಲ್ಲಿ ದೂತ ಬಂದು ರಾಜನಿಗೆ ‘ನೀನು ಬಾ’ ಅನ್ನುತ್ತಾನಾ? ‘ಪ್ರಭುಗಳು ದಯಮಾಡಿಸಬೇಕು’ ಅನ್ನುತ್ತಾನೆ. ಅದೇ ಲೆಕ್ಕ. ಇದೇ ‘ಬೆಂಗಾ’ಕ್ಕೆ ಕೊನೆಯಲ್ಲಿ ಒಂದು ‘ಸ್’ ಹಚ್ಚಿ, ಮುಂದೆ ‘ನೊ’ ಇಟ್ಟರೆ ಗೆಳೆಯನಿಗೆ ಹೇಳುವ ‘ಬರಬೇಡ’ ಸಿದ್ಧ.

ಈ ರೂಪ ಕಟ್ಟುವುದು ಸುಲಭ. ‘ನಾನು ಬರುತ್ತೇನೆ’ ಅನ್ನೋದು ‘ಬೆಂಗೊ’. ಕೊನೆಯ ‘ಒ’ ತೆಗೆದು ‘ಆ’ ಹಾಕಿ, ‘ಬೆಂಗಾ’ ಆಯಿತು. ‘ದೀಗೊ’ ಹೇಳುತ್ತೇನೆ, ‘ದೀಗಾ’ ಹೇಳಲಿ. ಮೂಲರೂಪ ‘ಆರ್’ ಅಂತ ಮುಗಿಯುವ ಕ್ರಿಯಾಪದಗಳಿಗೆ ಮಾತ್ರ ‘ಎ’ ಬರುತ್ತದೆ. ‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಆಬ್ಲೆ’ ಅಂದರೆ ಮಾತಾಡಲಿ. ನಾಲ್ಕಾರು ಪದಗಳು ಈ ದಾರಿಗೆ ಬರೋದಿಲ್ಲ. ಅದರಲ್ಲಿ ‘ಹೋಗಲಿ’ ಅನ್ನುವ ‘ಬಾಯಾ’ ನಮ್ಮವರಿಗೆ ಮೋಸ ಮಾಡುತ್ತದೆ, ‘ಬಾ’ ಅಂತ ಕಿವಿಗೆ ಬಿತ್ತೆಂದು ಹತ್ತಿರ ಹೋದರೆ ಅವರು ಹೊರಟುಹೋಗಿ ಅಂದಿರುತ್ತಾರೆ!

ಇನ್ನು ಸಲುಗೆಯ ‘ಬಾ, ಹೋಗು’. ಇದಕ್ಕೆ ಸಾಮಾನ್ಯವಾಗಿ ‘ಅವನು ಮಾಡುತ್ತಾನೆ’ ಅನ್ನುವ ರೂಪವೇ ಸಾಕು, ‘ಆಬ್ಲಾ’ ಅಂದರೆ ಮಾತಾಡುತ್ತಾನೆ, ಮಾತಾಡು, ಎರಡೂ. ಎಂಟು ಪದ ಮಾತ್ರ ಬಾಯಿಪಾಠ ಮಾಡಬೇಕು: ಬೆನ್ (ಬಾ), ಬೆ (ಹೋಗು), ದಿ (ಹೇಳು), ಆಸ್ (ಮಾಡು), ಪೊನ್ (ಇಡು), ತೆನ್ (ಹಿಡಿ, ತಗೋ), ಸೆ (ಆಗು), ಸಾಲ್ (ಹೊರಗೆ ನಡಿ). ನೀವು ಅಡುಗೆಮನೆಯವರು, ಆ ಕೊನೆಯದರ ಬಗ್ಗೆ ಜಾಗ್ರತೆ. ಉಪ್ಪಿಗೂ ಅವರು ‘ಸಾಲ್’ ಅಂತಲೇ ಅನ್ನುತ್ತಾರೆ.

ಪ್ರಶ್ನೆ: ನಾನು ಶಿರಸಿಯವಳು. ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಅವಳಿರುವ ಮನೆಗೆ ಫೋನ್ ಮಾಡಿದರೆ ಮನೆಯ ಅಜ್ಜಿ ಎತ್ತಿದವರೇ ‘ದೀಗಾ!’ ಅಂತಾರೆ. ಗದರಿದ ಹಾಗೆ ಕೇಳುತ್ತದೆ. ಸಿಟ್ಟು ಬಂದಿದೆಯಾ?

ಉತ್ತರ: ಇಲ್ಲ ಅಕ್ಕಾ. ಮೇಲಿನ ಉತ್ತರದಲ್ಲಿ ಬಂದ ‘ದೀಗಾ’ನೇ ಅದು, ‘ಹೇಳಿ’ ಎಂದರ್ಥ. ನಾವೂ ಫೋನ್ ಎತ್ತಿ ‘ಹಾಂ, ಹೇಳಿ’ ಅನ್ನೋದಿಲ್ವಾ? ಅದು ಗೌರವದ ರೂಪ ಬೇರೆ. ‘ದೀಗಾಮೆ’ ಅಂದರೂ ಅದೇ, ‘ನನಗೆ ಹೇಳಿ’. ಗೊತ್ತಿರುವ ಸಲುಗೆಯವರಾದರೆ ‘ದೀಮೆ’ ಅನ್ನುತ್ತಾರೆ. ಮೆಕ್ಸಿಕೋದವರು ಫೋನ್ ಎತ್ತಿ ‘ಬುಎನೊ’ ಅಂತಾರೆ, ಅಂದರೆ ‘ಒಳ್ಳೇದು’.

ಪ್ರಶ್ನೆ: ‘ದಾಮೆಲೊ’ ಅನ್ನುವ ಪದ ನಿಘಂಟಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. — ಓದುಗರು, ಅಂಕೋಲಾ

ಉತ್ತರ: ಸಿಗೋದಿಲ್ಲ, ಅದು ಮೂರು ಪದ ಅಂಟಿಕೊಂಡಿದ್ದು. ‘ದಾ’ ಕೊಡು, ‘ಮೆ’ ನನಗೆ, ‘ಲೊ’ ಅದನ್ನು. ಆಜ್ಞೆ ಕೊಡುವಾಗ ಈ ಸಣ್ಣ ಪದಗಳು ಕ್ರಿಯಾಪದದ ಬಾಲ ಹಿಡಿಯುತ್ತವೆ. ಬೇಡ ಅಂದರೆ ಬಾಲ ಬಿಟ್ಟು ಮುಂದಕ್ಕೆ ಓಡುತ್ತವೆ: ‘ನೊ ಮೆ ಲೊ ದೆಸ್’, ನನಗೆ ಅದನ್ನು ಕೊಡಬೇಡ. ‘ಅವನಿಗೆ ಅದನ್ನು ಕೊಡು’ ಅನ್ನುವಾಗ ಮಾತ್ರ ‘ಲೆ ಲೊ’ ಅನ್ನಲು ನಾಲಿಗೆ ತೊಡರುತ್ತದೋ ಏನೋ, ‘ಲೆ’ ಹೋಗಿ ‘ಸೆ’ ಬರುತ್ತದೆ, ‘ದಾಸೆಲೊ’.

ಪ್ರಶ್ನೆ: ಬಹಳ ಜನರಿಗೆ ‘ಬನ್ನಿ’ ಅನ್ನೋದಕ್ಕೆ ಒಂದು ಪುಸ್ತಕ ‘ಬೆನಿದ್’ ಅನ್ನುತ್ತದೆ, ಇನ್ನೊಂದು ‘ಬೆಂಗಾನ್’. ಯಾವುದು ಸರಿ? — ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಎರಡೂ. ಸ್ಪೇನಿನಲ್ಲಿ ಸಲುಗೆಯ ಗುಂಪಿಗೆ ‘ಬೆನಿದ್’, ಗೌರವ ಬೇಕಾದಲ್ಲಿ ‘ಬೆಂಗಾನ್’. ಲ್ಯಾಟಿನ್ ಅಮೆರಿಕದಲ್ಲಿ ಎಲ್ಲರಿಗೂ ‘ಬೆಂಗಾನ್’ ಒಂದೇ. ಅರ್ಜೆಂಟೀನಾದಲ್ಲಿ ಒಬ್ಬ ಗೆಳೆಯನನ್ನು ಕರೆಯುವಾಗಲೂ ‘ಬೆನ್’ ಅನ್ನದೆ ‘ಬೆನೀ’ ಅನ್ನುತ್ತಾರೆ, ಕೇಳಿ ಗಾಬರಿ ಬೇಡ.

ಪ್ರಶ್ನೆ: ಸೀದಾ ‘ಕೊಡು’ ಅಂದರೆ ಅವರಿಗೆ ಒರಟು ಅನಿಸೋದಿಲ್ವಾ? — ಓದುಗರು, ಹೊನ್ನಾವರ

ಉತ್ತರ: ಎಲ್ಲಿ ಅನ್ನೋದರ ಮೇಲೆ ಹೋಗುತ್ತದೆ. ಸ್ಪೇನಿನ ಹೋಟೆಲಿನಲ್ಲಿ ‘ಪೊನ್ಮೆ ಉನ್ ಕಫೆ’, ನನಗೊಂದು ಕಾಫಿ ಹಾಕು, ಅಂದರೆ ಯಾರೂ ಮುಖ ತಿರುಗಿಸೋದಿಲ್ಲ. ಮೆತ್ತಗೆ ಹೇಳಬೇಕೆಂದರೆ ಪ್ರಶ್ನೆ ಮಾಡಿ, ‘ಮೆ ಪೊನೆಸ್ ಉನ್ ಕಫೆ?’ ನಾವು ‘ಸ್ವಲ್ಪ ನೀರು ಕೊಡ್ತೀಯಾ’ ಅನ್ನುವ ಹಾಗೆ. ಕೊಲಂಬಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ‘ಮೆ ರೆಗಾಲಾ ಉನ್ ಕಫೆ?’ ಅನ್ನುತ್ತಾರೆ, ಪದಕ್ಕೆ ಪದ ನೋಡಿದರೆ ‘ನನಗೊಂದು ಕಾಫಿ ಉಡುಗೊರೆ ಕೊಡುತ್ತೀರಾ?’ ಕಿಸೆಯಲ್ಲಿ ದುಡ್ಡು ಇಟ್ಟುಕೊಂಡೇ ಕೇಳಿ.